ರಾಗಕ್ಕೆ ಎಷ್ಟು ಹೊತ್ತು? ಬಾನುಲಿಯ ಶಾಸ್ತ್ರೀಯ ಸಂಗೀತ: ಪರ – ವಿರೋಧ

ಬಾನುಲಿಯಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಮೀಸಲಾದ ಹೊತ್ತನ್ನು ಹೇಗೆ ಹಂಚಬೇಕು ಎಂಬ ಮಾತು ನಮ್ಮ ಕಡೆಯ ಕೇಳುಗರ ನಡುವೆ ಮತ್ತೆ ಮತ್ತೆ ಏಳುತ್ತದೆ. ಅರ್ಧ ಗಂಟೆಯ ಒಂದೇ ಗಾಯನದ ಬದಲು ಹತ್ತು ಹನ್ನೆರಡು ನಿಮಿಷದ ಚಿಕ್ಕ ಪ್ರಸ್ತುತಿಗಳು, ಅವುಗಳ ಜೊತೆ ವಚನ, ದಾಸರ ಪದ ಮತ್ತು ರಾಗದ ಕಿರುಪರಿಚಯ ಬರಬೇಕೆ ಎಂಬುದು ಇಲ್ಲಿನ ಪ್ರಶ್ನೆ. ರಾಯಚೂರಿನ ಒಬ್ಬ ಕೇಳುಗರು ಬರಬೇಕೆನ್ನುತ್ತಾರೆ. ಬಳ್ಳಾರಿಯ ಒಬ್ಬರು ಒಪ್ಪುವುದಿಲ್ಲ.

ಪರ: ಹಿಡಿದುಕೊಳ್ಳಲು ಒಂದು ಸಾಲು ಬೇಕು

ನಮ್ಮ ಮನೆಯಲ್ಲಿ ರೇಡಿಯೊ ಇರುವುದು ಅಡುಗೆಮನೆಯ ಗೂಡಿನಲ್ಲಿ. ತಾಯಿಯವರು ಜೋಳದ ರೊಟ್ಟಿ ಬಡಿಯುತ್ತ ಕೇಳುತ್ತಾರೆ. ದಾಸರ ಪದ ಶುರುವಾದರೆ ಬಡಿತ ನಿಧಾನವಾಗುತ್ತದೆ. ಅಂಕಿತ ಬರುವ ಹೊತ್ತಿಗೆ ಹಿಟ್ಟಿನ ಕೈ ನಿಂತೇ ಬಿಡುತ್ತದೆ, ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕಪ್ಪಾದರೂ ಅವರಿಗೆ ಪರಿವೆ ಇರುವುದಿಲ್ಲ. ಅದೇ ತೋಡಿ ರಾಗದ ಬಡಾಖ್ಯಾಲು, ಅಂದರೆ ನಿಧಾನ ಲಯದ ದೀರ್ಘ ಗಾಯನ, ಕಾಲು ಗಂಟೆ ದಾಟಿದರೆ ‘ಆವಾಜ್ ಸಣ್ಣ ಮಾಡಪಾ’ ಎನ್ನುತ್ತಾರೆ. ಅವರಿಗೆ ತೋಡಿ ಬೇಡವಾಗಿಲ್ಲ. ಅದೇ ರಾಗದಲ್ಲಿ ದಾಸರ ಪದವೊಂದನ್ನು ಹಾಡಿದ ದಿನ ಅವರು ಒಲೆಯ ಮುಂದಿನಿಂದ ಏಳದೆ ಕೇಳಿದ್ದನ್ನು ನಾನು ಕಂಡಿದ್ದೇನೆ.

ಈ ನೆಲದಲ್ಲಿ ರಾಗ ಜನರ ಕಿವಿಗೆ ಬಿದ್ದದ್ದೇ ಮಾತಿನ ಕೈಹಿಡಿದು. ಮಾನ್ವಿಯ ಜಗನ್ನಾಥದಾಸರು, ಚೀಕಲಪರವಿಯ ವಿಜಯದಾಸರು ನಮ್ಮ ಜಿಲ್ಲೆಯವರು. ರಾಯಚೂರಿನ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ಹಿಂದುಸ್ತಾನಿ ಸಂಗೀತದಲ್ಲಿ ಪಳಗಿದ ಗಾಯಕರಾಗಿದ್ದರೂ ಸಾಮಾನ್ಯ ಜನರ ನೆನಪಿನಲ್ಲಿ ಉಳಿದದ್ದು ಬಹುಮಟ್ಟಿಗೆ ವಚನ ಗಾಯನದಿಂದ. ಅವರ ವಚನವನ್ನು ಕೇಳಿ ‘ಇದು ಯಾವ ರಾಗ’ ಎಂದು ಕೇಳಿದವನು ಮುಂದೆ ಒಂದು ದಿನ ಖ್ಯಾಲಿಗೂ ಬಂದಾನು. ಬಾನುಲಿ ಆ ಮೆಟ್ಟಿಲನ್ನು ಕಟ್ಟಿಕೊಡಬೇಕೆಂದು ನಾನು ಕೇಳುತ್ತಿದ್ದೇನೆ.

ಚಿಕ್ಕದಾದರೆ ರಾಗ ಕೆಡುತ್ತದೆ ಎನ್ನುವವರಿಗೆ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ನೆನಪಿಸುತ್ತೇನೆ. 1902ರಲ್ಲಿ ಗಾಯಕಿ ಗೌಹರ್ ಜಾನ್ ಹಾಡಿ ಮುದ್ರಿಸಿದ ಕಾಲದಿಂದ ಹಲವು ದಶಕಗಳವರೆಗೆ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ತೋರಿದ ಸ್ವರವನ್ನು ಕೇಳಿಯೇ ಎಷ್ಟೋ ಜನ ಅವರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯ ಕಡೆಗೆ ತಿರುಗಿದರು.

ಕೇಳುಗನ ಒಲವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 1952ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾಗಿ ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚು ಹೊತ್ತು ಸಿಕ್ಕಿತು. ಜನ ಕುಳಿತು ಅದನ್ನೇ ಕೇಳಲಿಲ್ಲ. ರೇಡಿಯೊದ ಮುಳ್ಳನ್ನು ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೊ ಸಿಲೋನಿನತ್ತ ತಿರುಗಿಸಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ ಹಿನ್ನೆಲೆ ಅದು. ಮುಂದೆ ಅದೇ ವಿವಿಧ ಭಾರತಿಯ ಸಂಗೀತ್ ಸರಿತಾ ಕಾರ್ಯಕ್ರಮ ಪ್ರತಿದಿನ ಕೆಲವೇ ನಿಮಿಷಗಳಲ್ಲಿ ಒಂದು ರಾಗವನ್ನು ಪರಿಚಯಿಸಿ, ಅದರ ಛಾಯೆಯ ಸಿನಿಮಾ ಗೀತೆಯನ್ನೂ ಕೇಳಿಸಿತು. ನನಗೆ ಭೀಮಪಲಾಸಿಯನ್ನು ಗುರುತಿಸಲು ಬಂದದ್ದು ಗುರುವಿನಿಂದಲ್ಲ, ಆ ಕಾರ್ಯಕ್ರಮದಿಂದ.

ಇನ್ನೊಂದು ನೋವನ್ನೂ ಹೇಳಬೇಕು. ಒಂದು ನಿಲಯದ ಪ್ರಸಾರದಲ್ಲಿ ದೀರ್ಘ ಗಾಯನ ವೇಗದ ಲಯವಾದ ದ್ರುತ್‌ಗೆ ಬಂದು, ತಾನುಗಳು (ವೇಗದ ಸ್ವರ ಓಟಗಳು) ಏರತೊಡಗಿದಾಗಲೇ ವಾರ್ತೆಯ ಹೊತ್ತಾಯಿತೆಂದು ಧ್ವನಿಯನ್ನು ಇಳಿಸಿ ನಿಲ್ಲಿಸಿದ್ದನ್ನು ನಾನು ಒಂದಲ್ಲ, ಹಲವು ಸಲ ಕೇಳಿದ್ದೇನೆ. ಗಾಯಕರು ಇಪ್ಪತ್ತೈದು ನಿಮಿಷ ಕಟ್ಟಿದ್ದನ್ನು ತಾಳದ ಮೊದಲ ಪೆಟ್ಟಾದ ಸಮ್‌ಗೆ ಬರಲೂ ಬಿಡದೆ ಕತ್ತರಿಸುವುದಕ್ಕಿಂತ, ಹನ್ನೆರಡು ನಿಮಿಷದ ಪ್ರಸ್ತುತಿಯೊಂದನ್ನು ತಂಬೂರಿಯ ಕೊನೆಯ ಮೀಟಿನವರೆಗೂ ಕೇಳಿಸುವುದು ಕಲಾವಿದರಿಗೆ ಸಲ್ಲಿಸುವ ದೊಡ್ಡ ಗೌರವ.

ವಿರೋಧ: ಒಂದು ಆವರ್ತನೆಗೆ ಒಂದು ನಿಮಿಷ

ಮೇಲಿನ ಬರಹದ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಲೆಕ್ಕ ಬೇರೆಯೇ ಇದೆ. ಅತಿ ವಿಲಂಬಿತದಲ್ಲಿ, ಅಂದರೆ ತೀರಾ ನಿಧಾನದ ಲಯದಲ್ಲಿ, ಹನ್ನೆರಡು ಮಾತ್ರೆಯ ಏಕತಾಳದ ಒಂದು ಆವರ್ತನೆ (ತಾಳದ ಒಂದು ಸುತ್ತು) ಮುಗಿಯಲು ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಹತ್ತು ನಿಮಿಷ ಕೊಟ್ಟರೆ ಗಾಯಕರಿಗೆ ಸಿಗುವುದು ಹತ್ತು ಆವರ್ತನೆ. ಅಷ್ಟರಲ್ಲಿ ಷಡ್ಜದ (‘ಸ’ ಸ್ವರದ) ಸುತ್ತ ಓಡಾಡಿ ಕೆಳಗಿನ ಸ್ವರಗಳಿಂದ ಮೇಲಕ್ಕೆ ಮುಖ ಮಾಡುವ ಹೊತ್ತಿಗೆ ಉದ್ಘೋಷಕರು ಬಂದುಬಿಡುತ್ತಾರೆ. ಹಾಗಾಗಿ ಚಿಕ್ಕ ಅವಧಿ ಎಂದರೆ ಬಡಾಖ್ಯಾಲು ಚಿಕ್ಕದಾಗಿ ಬರುತ್ತದೆ ಎಂದಲ್ಲ, ಬಡಾಖ್ಯಾಲೇ ಬರುವುದಿಲ್ಲ ಎಂದು ಅರ್ಥ. ಕರ್ನಾಟಕ ಸಂಗೀತದ ಪಾಡೂ ಇದೇ: ಕೃತಿ ಉಳಿಯುತ್ತದೆ, ಅದನ್ನು ಆಶುವಾಗಿ ಬೆಳೆಸುವ ನೆರವಲ್ ಮತ್ತು ಕಲ್ಪನಾಸ್ವರ ಹೋಗುತ್ತವೆ, ಇನ್ನೂ ದೀರ್ಘವಾದ ರಾಗ-ತಾನ-ಪಲ್ಲವಿಯ ಹೆಸರನ್ನೂ ಎತ್ತುವಂತಿಲ್ಲ. 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯಲ್ಲಿ ಎರಡೂ ಪದ್ಧತಿಗಳಿಗೆ ಕಿವಿಗೊಡುವವರಿದ್ದಾರೆ. ಈ ಬದಲಾವಣೆಯಿಂದ ನಾವು ಎರಡನ್ನೂ ಕಳೆದುಕೊಳ್ಳುತ್ತೇವೆ.

ಮೂರು ನಿಮಿಷದ ತಟ್ಟೆಯ ಉದಾಹರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಅದು ಯಂತ್ರ ಹಾಕಿದ ಗಡಿಯೇ ಹೊರತು ಕಲಾವಿದರ ಆಯ್ಕೆಯಲ್ಲ; ಅದೇ ಅಬ್ದುಲ್ ಕರೀಂ ಖಾನರ ಬೈಠಕ್ಕುಗಳಿಗೆ ಆ ಗಡಿ ಇರಲಿಲ್ಲ. ಕೇಸ್ಕರ್ ಅವರ ಕಾಲವನ್ನು ನೆನೆಯುವಾಗಲೂ ಅರ್ಧ ಮಾತನ್ನಷ್ಟೇ ಆಡಲಾಗಿದೆ. ಅದೇ 1952ರಲ್ಲಿ ಆಕಾಶವಾಣಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಊರಿಗೊಂದು ಸಂಗೀತ ಸಭೆ ಇಲ್ಲದ, ಟಿಕೆಟ್ ಕೊಂಡು ಕಛೇರಿಗೆ ಹೋಗಲಾಗದ ಮನೆಗಳಿಗೆ ಶನಿವಾರ ರಾತ್ರಿ ಇಡೀ ಕಛೇರಿಯೇ ನಡೆದು ಬಂತು. ಸಿನಿಮಾ ಹಾಡನ್ನು ತಡೆದದ್ದು ತಪ್ಪಿರಬಹುದು, ದೀರ್ಘ ಗಾಯನಕ್ಕೆ ಜಾಗ ಕೊಟ್ಟದ್ದು ತಪ್ಪಲ್ಲ.

ವಿಜಯದಾಸರ ಹೆಸರು ಬಂದದ್ದರಿಂದ ಹೇಳುತ್ತೇನೆ. ಅವರ ಹೆಚ್ಚುಗಾರಿಕೆ ಸುಳಾದಿಗಳಲ್ಲಿದೆ. ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಎಂದು ತಾಳದಿಂದ ತಾಳಕ್ಕೆ ದಾಟಿ ಕೊನೆಗೆ ‘ಜತೆ’ ಎಂಬ ಮುಕ್ತಾಯದ ಸಾಲುಗಳಲ್ಲಿ ಮುಗಿಯುವ ಸುಳಾದಿಯನ್ನು ಸಾವಕಾಶವಾಗಿ ಹಾಡಿದರೆ ಹತ್ತು ನಿಮಿಷ ಎಲ್ಲಿ ಸಾಲುತ್ತದೆ? ಎರಡು ತಾಳಕ್ಕೆ ನಿಲ್ಲಿಸಿದರೆ ದಾಸರು ಹೇಳಹೊರಟ ಮಾತೇ ನಡುವೆ ತುಂಡಾಗುತ್ತದೆ.

ನಾನು ಸಣ್ಣದೊಂದು ಜೀನ್ಸ್ ಹೊಲಿಗೆ ಘಟಕ ನಡೆಸುವವನು. ಹನ್ನೆರಡು ಯಂತ್ರಗಳು ಒಟ್ಟಿಗೆ ಓಡುವಾಗ ರೇಡಿಯೊ ಹಚ್ಚಿದ್ದರೂ ಕೇಳಿಸುವುದು ಬರೀ ಗುಯ್‌ಗುಟ್ಟುವ ಸದ್ದು. ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಬ್ಯಾಟರಿ ರೇಡಿಯೊದಲ್ಲಿ ಮುಲ್ತಾನಿ ರಾಗ ಆಗಷ್ಟೇ ಶುರುವಾಗಿತ್ತು. ಜೇಬು ಹೊಲಿಯುತ್ತಿದ್ದ ಹುಡುಗ ಅರ್ಧ ಹೊಲಿದ ಜೇಬನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತ. ಮೊದಲ ಐದಾರು ನಿಮಿಷ ಎಲ್ಲರೂ ಮಾತಾಡುತ್ತಲೇ ಇದ್ದರು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಸುಮಾರು ಇಪ್ಪತ್ತನೆಯ ನಿಮಿಷದಲ್ಲಿ ಗಾಯಕರು ತಾರ ಷಡ್ಜದಲ್ಲಿ, ಅಂದರೆ ಮೇಲಿನ ‘ಸ’ದಲ್ಲಿ, ನಿಂತಾಗ ಆ ಹುಡುಗ ನನ್ನ ಕಡೆ ತಿರುಗಿ, ‘ಇಷ್ಟೊತ್ತು ಇದಕ್ಕ ಕಾಯಾಕ್ಹತ್ತಿದ್ರೇನ್ರಿ ಅಣ್ಣಾ’ ಎಂದ. ಅವನಿಗೆ ರಾಗದ ಹೆಸರು ಗೊತ್ತಿರಲಿಲ್ಲ, ಯಾರೂ ಪರಿಚಯ ಮಾಡಿಕೊಟ್ಟಿರಲಿಲ್ಲ. ಹತ್ತನೆಯ ನಿಮಿಷಕ್ಕೆ ಗಾಯನ ಮುಗಿದಿದ್ದರೆ ಅವನಿಗೆ ಆ ಸ್ವರ ಸಿಗುತ್ತಲೇ ಇರಲಿಲ್ಲ. ಮೂರು ನಿಮಿಷದ ತುಣುಕುಗಳು ಅವನ ಫೋನಿನಲ್ಲಿ ರಾಶಿಯಾಗಿ ಬಿದ್ದಿವೆ, ಬಾನುಲಿ ಅವನ್ನೇ ಮತ್ತೆ ಬಡಿಸಬೇಕಾಗಿಲ್ಲ.

ಹಾಡುವವರ ಮಾತೂ ಇದೆ. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಿ ‘ಬಿ’ ಶ್ರೇಣಿ ಪಡೆದ ನಮ್ಮ ಕಡೆಯ ಯುವ ಗಾಯಕಿಗೆ ನಿಲಯದಿಂದ ಬರುವ ಅರ್ಧ ಗಂಟೆಯ ಕರೆ ಬರೀ ಸಂಭಾವನೆಯ ವಿಷಯವಲ್ಲ. ಅದಕ್ಕಾಗಿ ಅವಳು ತಿಂಗಳುಗಟ್ಟಲೆ ಒಂದೇ ರಾಗದ ಬಡತ್ (ನಿಧಾನದ ಬೆಳವಣಿಗೆ) ಸಾಧಿಸುತ್ತಾಳೆ. ಹತ್ತು ನಿಮಿಷವೆಂದರೆ ವೇಗದ ಲಯದ ಒಂದು ಛೋಟಾ ಖ್ಯಾಲು, ನಾಲ್ಕು ತಾನು ಸಾಕಾಗುತ್ತದೆ. ಅವಳ ತಯಾರಿಯೂ ಅಷ್ಟಕ್ಕೇ ನಿಲ್ಲುತ್ತದೆ.

ದ್ರುತ್ ನಡುವೆಯೇ ಗಾಯನ ಕತ್ತರಿಸುವುದರ ಬಗ್ಗೆ ಅವರಷ್ಟೇ ನೋವು ನನಗೂ ಇದೆ. ಆದರೆ ಆ ತಪ್ಪು ಆಗುವುದು ಪ್ರಸಾರ ಪಟ್ಟಿ ಬರೆಯುವ ಮೇಜಿನ ಮೇಲೆ. ಪ್ರತಿ ಧ್ವನಿಮುದ್ರಿಕೆಯ ಅವಧಿ ನಿಲಯದಲ್ಲಿ ನಮೂದಾಗಿರುತ್ತದೆ. ಇಪ್ಪತ್ತಾರು ನಿಮಿಷದ ಗಾಯನವನ್ನು ಮೂವತ್ತು ನಿಮಿಷದ ಜಾಗಕ್ಕೆ ಆರಿಸಿಕೊಂಡು, ಉಳಿದ ನಾಲ್ಕು ನಿಮಿಷದಲ್ಲಿ ಅವರು ಬಯಸುವ ರಾಗದ ಪರಿಚಯವನ್ನೂ ಪಕ್ಕವಾದ್ಯದವರ ಹೆಸರನ್ನೂ ಸಾವಧಾನವಾಗಿ ಹೇಳಲಿ. ವಚನ, ದಾಸರ ಪದಗಳಿಗೆ ಈಗಿರುವ ಭಕ್ತಿಗೀತೆಯ ಹೊತ್ತಿನಲ್ಲಿ ಇನ್ನಷ್ಟು ಜಾಗ ಕೊಡಲಿ. ಶಾಸ್ತ್ರೀಯ ಸಂಗೀತದ ಆ ಅರ್ಧ ಗಂಟೆಯನ್ನು ಮಾತ್ರ ಒಡೆಯುವುದು ಬೇಡ.