17.5 ಲಕ್ಷದ ಗಾಡಿಗೆ 62 ಲಕ್ಷದ ಗಾಡಿಯ ಖರ್ಚು

ನಮ್ಮ ಚಿಕ್ಕಮ್ಮನ ಮಗ ಶಹಾಪುರದಲ್ಲಿದ್ದಾನೆ. ಹೋದ ವಾರ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ. "ಅಕ್ಕಾ, ಹೈದರಾಬಾದಿನಾಗ ನಿಮ್ಮಂಥದೇ ಗಾಡಿ ಬಂದದ. 2016 ಮಾಡೆಲ್. ಹದಿನಾರು ಲಕ್ಷ ಹೇಳ್ಲಿಕ್ಕತ್ತಾರ. ತಗೊಳ್ಲಾ?" ಕೈಯಲ್ಲಿ ಎಷ್ಟಿದೆ ಅಂತ ಕೇಳಿದೆ. "ಹದಿನೆಂಟು ಅದ" ಎಂದ.

ಬೇಡ ಅಂತ ಒಂದೇ ಮಾತಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾಲ್ಕು ವರ್ಷದಿಂದ ಅಂಥದೇ ಗಾಡಿ ನಮ್ಮ ಮನೆ ಮುಂದೆ ನಿಂತಿದೆ. ಅದಕ್ಕೆ ಲೆಕ್ಕದ ಪುಸ್ತಕ ತೆಗೆದು ಕೂತೆ. ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ, ಅದರ ಲೆಕ್ಕ ಬರೆಯುವುದು ನಾನೇ. ಗಾಡಿಗೂ ಬೇರೆ ಪುಸ್ತಕ ಮಾಡಿದ್ದೇನೆ. ಅವನಿಗೆ ಓದಿ ಹೇಳಿದ್ದನ್ನು ಇಲ್ಲೂ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಈಗ ತುಂಬಾ ಹುಡುಗರು ಇಂಥ ಗಾಡಿಗಳ ಬೆನ್ನು ಹತ್ತಿದ್ದಾರೆ. ಅವರಿಗೆ ಉಪಯೋಗ ಆಗಲಿ.

ಕಂಪನಿ ಹೆಸರು ಬೇಡ. ಯುರೋಪಿನ ಗಾಡಿ. ಮೂರು ಲೀಟರ್ ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ, ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಬೆಲೂನ್ ಮೇಲೆ ನಿಲ್ಲುವ ಗಾಡಿ). 2014ರಲ್ಲಿ ಮೊದಲ ಮಾಲೀಕರು ಕೊಂಡಾಗ 62 ಲಕ್ಷ. 2021ರಲ್ಲಿ ನಾವು ಹೈದರಾಬಾದಿನಿಂದ ತಂದಾಗ 17.5 ಲಕ್ಷ. ಅಷ್ಟೇ ದುಡ್ಡಿಗೆ ಹೊಸ ಸಾಧಾರಣ ಗಾಡಿ ಬರುತ್ತಿತ್ತು. ನಮ್ಮವರಿಗೆ ಬಹಳ ವರ್ಷದ ಆಸೆ ಇತ್ತು, ನನಗೂ ಇಷ್ಟ ಆಯಿತು.

ಮೊದಲ ಪೆಟ್ಟು ಬಿದ್ದದ್ದು ತೆರಿಗೆಯಲ್ಲಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಕಾಯ್ದೆ ಹಾಗಿದೆ. ನಮ್ಮ ಕಲಬುರಗಿಯ ಕೆಎ-32 ನಂಬರ್ ಬೇಕು ಅಂದರೆ ಕರ್ನಾಟಕದ ಲೈಫ್ ಟೈಮ್ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಗಾಡಿಗೆ ಅದು 18 ಪರ್ಸೆಂಟ್, ಮೇಲೆ ಸೆಸ್ ಬೇರೆ. ಗಾಡಿಗೆ ವಯಸ್ಸಾದಂತೆ ಸ್ವಲ್ಪ ಕಡಿಮೆ ಮಾಡುತ್ತಾರೆ, ನಿಜ. ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಗಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಗೆ. ನಮಗೆ ಏಳು ಲಕ್ಷ ದಾಟಿತು. ಗಾಡಿ ಮಾರುವವರು ಈ ಮಾತು ತಾವಾಗಿ ಎತ್ತುವುದಿಲ್ಲ. ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಎಷ್ಟಾಗುತ್ತದೆ ಅಂತ ಬರೆಸಿಕೊಂಡು ಬನ್ನಿ, ಆಮೇಲೆ ಗಾಡಿ ನೋಡಲು ಹೋಗಿ.

ದೆಹಲಿ ಗಾಡಿಗಳು ಇನ್ನೂ ಅಗ್ಗಕ್ಕೆ ಸಿಗುತ್ತಿದ್ದವು. ಅಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸಬಾರದು ಎಂಬ ಆದೇಶ ಬಂತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಹಾಗಾಗಿ 2025ರಲ್ಲಿ ಕೋರ್ಟ್ ಅದನ್ನು ಸಡಿಲಿಸುವತನಕ ಅಲ್ಲಿನವರು ಸಿಕ್ಕ ಬೆಲೆಗೆ ಕೊಡುತ್ತಿದ್ದರು. ಅದನ್ನು ಇಲ್ಲಿಗೆ ತಂದರೂ ಇದೇ ತೆರಿಗೆ, ಇದೇ ಖರ್ಚು.

ಇನ್ನು ಏರ್ ಸಸ್ಪೆನ್ಷನ್. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಅತ್ತೆಗೆ ಮೊಣಕಾಲು ನೋವು. ಎತ್ತರದ ಗಾಡಿ ಹತ್ತಲು ಆಗುವುದಿಲ್ಲ. ಈ ಗಾಡಿಯಲ್ಲಿ ಒಂದು ಬಟನ್ ಒತ್ತಿದರೆ ತಾನೇ ಕೆಳಗೆ ಇಳಿಯುತ್ತದೆ. ಅತ್ತೆ ಸೀರೆ ನೆರಿಗೆ ಹಿಡಿದು ಆರಾಮಾಗಿ ಒಳಗೆ ಕೂಡುತ್ತಾರೆ. ಊರ ಹಳ್ಳ ಬಂದರೆ ಮತ್ತೆ ಮೇಲೆ ಏಳುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆ ದಾರಿಯಲ್ಲಿ ಈ ಗಾಡಿ ಒಮ್ಮೆಯೂ ನಮ್ಮನ್ನು ಕೈಬಿಟ್ಟಿಲ್ಲ.

ತಂದು ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅಂಗಳ ಗುಡಿಸಲು ಬಂದು ನೋಡುತ್ತೇನೆ, ಗಾಡಿ ಎಡಗಡೆ ಮುಂದಕ್ಕೆ ವಾಲಿದೆ. ಒಂದು ಕಾಲು ಮಡಚಿದ ಎತ್ತಿನ ಹಾಗೆ. ಹುಮ್ನಾಬಾದ್ ರಸ್ತೆಯ ಮಿಸ್ತ್ರಿಯನ್ನು ಕರೆಸಿದೆವು. ಅವರು ದೊಡ್ಡ ಯಂತ್ರ ಏನೂ ತರಲಿಲ್ಲ. ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಸಾಬೂನು ನೀರು ಕಲಸಿದರು. ಚಕ್ರದ ಒಳಗೆ ಕೈ ಹಾಕಿ ರಬ್ಬರ್ ಮೇಲೆ ಚಿಮುಕಿಸಿದರು. ಮೊಬೈಲ್ ಲೈಟ್ ಹಿಡಿದು ನೋಡಿದರೆ ರಬ್ಬರಿನ ಮಡಿಕೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದರ ಹಿಂದೆ ಒಂದು ಏಳುತ್ತಿತ್ತು.

"ಅಕ್ಕಾರ, ಗಾಳಿ ಇಲ್ಲಿಂದ ಹೋಗ್ಲಿಕ್ಕತ್ತದ ನೋಡ್ರಿ. ಈಗ ಬರೀ ಬೆಲೂನ್ ಹಾಕಿದ್ರ ಸಾಕು. ಬಿಟ್ರಿ ಅಂದ್ರ ಪಂಪ್ ಸುಡ್ತದ."

ಎಷ್ಟು ಸರಿಯಾಗಿ ಹೇಳಿದ್ದರು! ಸೋರುವ ಬೆಲೂನಿಗೆ ಗಾಳಿ ತುಂಬಲು ಪಂಪ್ ಮತ್ತೆ ಮತ್ತೆ ಓಡುತ್ತದೆ. ಸ್ವಲ್ಪ ಹೊತ್ತು ಓಡಿ ನಿಲ್ಲಲಿಕ್ಕೆ ಮಾಡಿದ ಪಂಪ್ ಅದು. ಬಿಡುವಿಲ್ಲದೆ ಓಡಿದರೆ ಕಾದು ಹೋಗುತ್ತದೆ. ದೀಪಾವಳಿ ಮುಗಿಯಲಿ, ಮಿಲ್ಲಿನ ಬಾಕಿ ಬರಲಿ ಅಂತ ನಾವು ಮೂರು ತಿಂಗಳು ತಳ್ಳಿದೆವು. ಹೈದರಾಬಾದಿಗೆ ಹೋಗುವಾಗ ಹುಮ್ನಾಬಾದ್ ದಾಟಿದ ಮೇಲೆ ಪಂಪ್ ಹೋಯಿತು. ಗಾಡಿ ಚಕ್ರದ ಮೇಲೆ ಕೂತುಬಿಟ್ಟಿತು. ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನು ಎರಡು ಚಕ್ರ ಎತ್ತಿ ಎಳೆದುಕೊಂಡು ಹೋಗುವಂತಿಲ್ಲ, ಒಳಗಿನ ಗೇರ್ ಹಾಳಾಗುತ್ತದೆ. ಪೂರ್ತಿ ಗಾಡಿಯನ್ನು ಹೊರುವ ಲಾರಿಯೇ ಬೇಕು. ಅದಕ್ಕೇ 14 ಸಾವಿರ. ಮುಂದಿನ ಎರಡು ಬೆಲೂನ್, ಪಂಪ್, ಕೂಲಿ ಎಲ್ಲ ಸೇರಿ 2 ಲಕ್ಷ 35 ಸಾವಿರ. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಇತ್ತು. ಅಂದರೆ 29 ಕ್ವಿಂಟಲ್ ತೊಗರಿ. ಮಳೆ ಚೆನ್ನಾಗಿ ಆದ ವರ್ಷವೂ ನಮ್ಮ ಹೊಲದಲ್ಲಿ ಆರೇಳು ಎಕರೆಯ ಬೆಳೆ ಅದು.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಗಾಡಿ ಬೆಲೆ ಇಳಿಯುತ್ತದೆ, ಆದರೆ ಅದರ ಪಾರ್ಟಿನ ಬೆಲೆ ಇಳಿಯುವುದಿಲ್ಲ. ಇದು 62 ಲಕ್ಷದವರಿಗಾಗಿ ಮಾಡಿದ ಗಾಡಿ. ನಾಲ್ಕು ಜನರ ಕೈ ಬದಲಾಯಿಸಿದರೂ ಆ ಬೆಲೂನ್, ಆ ಬ್ರೇಕ್ ಡಿಸ್ಕ್, ಆ ಸೆನ್ಸರ್ 62 ಲಕ್ಷದ ಗಾಡಿಯವೇ ಆಗಿರುತ್ತವೆ. ಹಾಗಾಗಿ ವರ್ಷದ ಖರ್ಚನ್ನು ಅಂದಾಜು ಮಾಡುವಾಗ ಹೊಸ ಗಾಡಿಯ ಬೆಲೆಯನ್ನು ಮುಂದಿಟ್ಟುಕೊಳ್ಳಿ.

ಟೈರ್ ವಿಷಯ ನಮ್ಮ ಊರಿಗೆ ವಿಶೇಷವಾಗಿ ಹೇಳಬೇಕು. ಸೇಡಂ ರಸ್ತೆಯಲ್ಲಿ ಹೋಗುವಾಗ ಫರ್ಸಿ ಕಲ್ಲಿನ ಚೂರು ಹೊಕ್ಕು ಒಂದು ಟೈರಿನ ಪಕ್ಕ ಸೀಳಿತು. ಒಂದು ತಾನೇ, ಹಾಕಿಸಿದರಾಯಿತು ಅಂದುಕೊಂಡೆ. ಆದರೆ ಹೊಸ ಟೈರಿನ ಸುತ್ತಳತೆ ಸವೆದ ಟೈರಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ. ನಾಲ್ಕೂ ಚಕ್ರ ಒಂದಕ್ಕೊಂದು ಜೋಡಿಸಿರುವ ಗಾಡಿಯಲ್ಲಿ ಆ ವ್ಯತ್ಯಾಸವನ್ನು ಒಳಗಿನ ಗೇರುಗಳು ದಾರಿಯುದ್ದಕ್ಕೂ ತಡೆದುಕೊಳ್ಳಬೇಕು. ಉಳಿದ ಮೂರೂ ಚೆನ್ನಾಗಿ ಸವೆದಿದ್ದವು, ನಾಲ್ಕೂ ಬದಲಿಸಿದೆವು. ಒಂದಕ್ಕೆ 27,500, ಒಟ್ಟು 1 ಲಕ್ಷ 10 ಸಾವಿರ. ಹಳೆ ಗಾಡಿ ನೋಡಲು ಹೋದಾಗ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಮ್ಮ 42 ಡಿಗ್ರಿ ಬಿಸಿಲಿಗೆ ರಬ್ಬರ್ ಬೇಗ ಬಿರಿಯುತ್ತದೆ, ಟೈರಿನ ಗೆರೆಗಳು ಇನ್ನೂ ಆಳ ಇವೆ ಅಂತ ನಂಬಬೇಡಿ.

ಗೇರ್‌ಬಾಕ್ಸ್ ಎಣ್ಣೆ ಜೀವನಪೂರ್ತಿ ಬದಲಿಸಬೇಕಿಲ್ಲ ಅಂತ ಮಾರುವವರು ಹೇಳುತ್ತಾರೆ. ಇಂಥ ಎಷ್ಟೋ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಬದಲಿಸಿ ಎನ್ನುತ್ತದೆ. ನಾವು ತಂದಾಗ 92 ಸಾವಿರ ಓಡಿತ್ತು. 38 ಸಾವಿರ ಕೊಟ್ಟು ಬದಲಿಸಿದೆವು. ಈ ಖರ್ಚಿನ ಬಗ್ಗೆ ನನಗೆ ಒಂದು ದಿನವೂ ಬೇಜಾರಾಗಿಲ್ಲ. ಗೇರ್‌ಬಾಕ್ಸೇ ಹೋದರೆ ಗಾಡಿಯ ಆಸೆ ಬಿಡಬೇಕಾಗುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬ್ರೇಕಿನ ಡಿಸ್ಕು, ಪ್ಯಾಡು 85 ಸಾವಿರ. ಬ್ಯಾಟರಿ 32 ಸಾವಿರ, ಅದನ್ನು ಹಾಕಿ ಸ್ಕ್ಯಾನರ್‌ನಿಂದ ಗಾಡಿಗೆ ತಿಳಿಸಬೇಕು. ವರ್ಷದ ಸರ್ವಿಸ್ 35 ಸಾವಿರ. ಇನ್ಶೂರೆನ್ಸ್ ವರ್ಷಕ್ಕೆ ಸರಾಸರಿ 52 ಸಾವಿರ. ಗಾಡಿಗೆ ವಯಸ್ಸಾದ್ದರಿಂದ ಜೀರೋ ಡೆಪ್ ಸಿಗಲಿಲ್ಲ. ಅಂದರೆ ಎಲ್ಲಾದರೂ ಗುದ್ದಿದರೆ ಪಾರ್ಟಿನ ಬೆಲೆಯಲ್ಲಿ ಒಂದು ಪಾಲು ನಮ್ಮ ಕೈಯಿಂದಲೇ. ಡೀಸೆಲ್ ಲೀಟರಿಗೆ 9 ಕಿಲೋಮೀಟರ್. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಹತ್ತು ಸಾವಿರ ಹೋಗುತ್ತದೆ.

ನಾಲ್ಕು ವರ್ಷದ ಪುಟ ಕೂಡಿಸಿದೆ. ಡೀಸೆಲ್, ತೆರಿಗೆ ಎರಡನ್ನೂ ಬಿಟ್ಟು ತಿಂಗಳಿಗೆ 18 ಸಾವಿರ ಬಿತ್ತು. ಇದು ದೊಡ್ಡ ರಿಪೇರಿ ಒಂದೇ ಬಂದ ಗಾಡಿಯ ಲೆಕ್ಕ. ಎಂಜಿನ್ ಇನ್ನೂ ಬಿಚ್ಚಿಲ್ಲ.

ಹಾಗಾದರೆ ಕೊಳ್ಳಲೇಬಾರದಾ? ನಾನು ಹಾಗೆ ಹೇಳುವುದಿಲ್ಲ. ಗಾಡಿ ಬೆಲೆ, ತೆರಿಗೆ ಎಲ್ಲ ಕಟ್ಟಿದ ಮೇಲೂ ಮೂರ್ನಾಲ್ಕು ಲಕ್ಷ ಬ್ಯಾಂಕಿನಲ್ಲಿ ಸುಮ್ನೆ ಇಡಲು ಆಗುವವರು ಕೊಳ್ಳಲಿ. ಮನೆಯಲ್ಲಿ ಇನ್ನೊಂದು ಸಣ್ಣ ಗಾಡಿ ಇರಲಿ, ಯಾಕಂದರೆ ಇದು ವರ್ಕ್‌ಶಾಪಿಗೆ ಹೋದರೆ ಪಾರ್ಟ್ ಬರುವತನಕ ವಾರಗಟ್ಟಲೆ ನಿಲ್ಲುತ್ತದೆ. ಹೈದರಾಬಾದ್ ನಮಗೆ 200 ಕಿಲೋಮೀಟರ್‌ಗಿಂತ ದೂರ. ಬೆಂಗಳೂರಿನವರ ಹಾಗೆ ಬೆಳಿಗ್ಗೆ ಬಿಟ್ಟು ಸಂಜೆ ತರಲು ಆಗುವುದಿಲ್ಲ ಅಲ್ವಾ? ಆದರೆ ಸಾಲ ಮಾಡಿ ಇಂಥ ಹಳೆ ಗಾಡಿ ತರಬೇಡಿ. ಹೊಲ ಮಾರಿಯಂತೂ ಬೇಡವೇ ಬೇಡ. ಕಂತು, ರಿಪೇರಿ ಎರಡೂ ಒಂದೇ ತಿಂಗಳು ಬಂದಾಗ ಮನೆಯ ನೆಮ್ಮದಿ ಹೋಗುವುದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಆ ಮನೆಯ ಹೆಂಗಸರ ಮುಖ ನನಗೆ ಇನ್ನೂ ಮರೆಯಲಾಗಿಲ್ಲ.

ಇಷ್ಟೆಲ್ಲ ಕೇಳಿ ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹದಿನೆಂಟರಾಗ ಆಗಂಗಿಲ್ಲ ಅಂದಂಗಾಯ್ತು" ಎಂದ. ಈ ವರ್ಷ ಆಗಲ್ಲ, ಇನ್ನೊಂದು ಸುಗ್ಗಿ ಮುಗಿಯಲಿ, ಅಷ್ಟರಲ್ಲಿ ಗಾಡಿ ನೋಡುವುದನ್ನು ಕಲಿ ಎಂದೆ. ಸೀಟ್ ಬೆಲ್ಟನ್ನು ಕೊನೆಯತನಕ ಎಳೆದು ನೋಡಬೇಕು, ನೀರಲ್ಲಿ ಮುಳುಗಿದ ಗಾಡಿಯಾದರೆ ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2020ರ ಅಕ್ಟೋಬರ್ ಮಳೆಯಲ್ಲಿ ಹೈದರಾಬಾದಿನಲ್ಲಿ ಎಷ್ಟು ಗಾಡಿ ನೀರಲ್ಲಿ ನಿಂತಿದ್ದವು ಅಂತ ಎಲ್ಲರಿಗೂ ಗೊತ್ತು. ರಾತ್ರಿ ಗಾಡಿ ನಿಲ್ಲಿಸಿದಾಗ ಎಷ್ಟು ಎತ್ತರ ಇತ್ತು, ಬೆಳಿಗ್ಗೆ ಎಷ್ಟಿದೆ ಅಂತ ಟೇಪ್ ಹಿಡಿದು ಅಳೆಯಬೇಕು.

ಈ ಭಾನುವಾರ ಅವನು ಬರುತ್ತಾನೆ. ಮಿಸ್ತ್ರಿಯವರಿಗೂ ಹೇಳಿದ್ದೇನೆ, ನಮ್ಮ ಗಾಡಿಯ ಮೇಲೇ ಎಲ್ಲ ತೋರಿಸುತ್ತಾರೆ. ಸಾಬೂನು ನೀರಿನ ಬಾಟಲಿ ನಾನು ತುಂಬಿಸಿ ಇಟ್ಟಿದ್ದೇನೆ.