ಗದಗಿಗೆ ಒಂದು ದಿನ ಕೊಡಬಹುದೇ?

ಹುಬ್ಬಳ್ಳಿಯ ನಮಗೆ ಗದಗ ಎಂದರೆ ಮದುವೆಗೆ ಹೋಗಿ ಬರುವ ಊರು. ಇಲ್ಲವೇ ವಿಜಯಪುರಕ್ಕೋ ಹೊಸಪೇಟೆಗೋ ಹೋಗುವಾಗ ರೈಲು ನಿಂತಾಗ ಕಿಟಕಿಯಿಂದ ಚಹಾ ಕೊಳ್ಳುವ ಊರು. ರಜೆ ಸಿಕ್ಕರೆ ದಾಂಡೇಲಿ, ಗೋಕರ್ಣ, ಗೋವಾ ಎಂದು ಪಶ್ಚಿಮಕ್ಕೇ ಓಡುತ್ತೇವೆ. ಮೊನ್ನೆ ಅಕ್ಕನ ಮಗಳು, "ಮಾಮಾ, ಭಾನುವಾರ ರೈಲಿನಲ್ಲಿ ಗದಗಿಗೆ ಹೋಗಿ ಬಂದರೆ ಹೇಗೆ? ನೋಡುವಂಥದ್ದು ಏನಾದರೂ ಇದೆಯೇ?" ಎಂದಾಗ ಮನೆಮಂದಿಯೆಲ್ಲ ನಕ್ಕರು. ನಗುವ ಮಾತೇನಿರಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬೆಳೆಸಿ ಬರೆಯುತ್ತಿದ್ದೇನೆ.

ಮೊದಲು ದೂರದ ಮಾತು. ಸುಮಾರು 58 ಕಿಲೋಮೀಟರ್, ಎಕ್ಸ್‌ಪ್ರೆಸ್ ರೈಲಾದರೆ ಹೆಚ್ಚುಕಡಿಮೆ ಒಂದು ತಾಸು. ಗದಗಿನವರು ಇದನ್ನು ದೂರವೆಂದೇ ಎಣಿಸಿದವರಲ್ಲ. ಮುಂದೆ ಭಾರತ ತಂಡಕ್ಕೆ ಆಡಿದ ಅಲ್ಲಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮಾಡಿ, ಮತ್ತೆ ಶಾಲೆಯ ಹೊತ್ತಿಗೆ ಊರು ಸೇರುತ್ತಿದ್ದರಂತೆ. ಅವರು ಬರುತ್ತಾರೆ, ನಾವು ಹೋಗುವುದಿಲ್ಲ, ಅಷ್ಟೇ. ದಾರಿಯುದ್ದಕ್ಕೂ ಎರೆಭೂಮಿ. ಹಿಂಗಾರಿನಲ್ಲಿ ಹೋದರೆ ಜೋಳ, ಕಡಲೆ, ಕುಸುಬೆ ಕಣ್ಣು ತುಂಬ ಕಾಣುತ್ತವೆ. ನಡುವೆ ಅಣ್ಣಿಗೇರಿ ಬರುತ್ತದೆ. ಪಂಪನ ನಂಟಿನ ಊರು.

ಗದಗಿನಲ್ಲಿ ಇಳಿದವರು ನೇರ ತ್ರಿಕೂಟೇಶ್ವರಕ್ಕೆ ಹೋಗಬೇಕು. ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಪೂಜೆ. ಆದರೆ ನನ್ನನ್ನು ಪ್ರತಿ ಸಲ ಹಿಡಿದು ನಿಲ್ಲಿಸುವುದು ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳು. ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಬಾದಾಮಿಯ ಮರಳುಗಲ್ಲನ್ನು ಬಿಟ್ಟು ನುಣುಪಾದ, ಮೆತ್ತನೆಯ ಬಳಪದ ಕಲ್ಲು ಕೈಗೆ ಸಿಕ್ಕಿದ ಮೇಲೆ ಶಿಲ್ಪಿಗಳಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂದಿರಬೇಕು. ತಿರುಗಣಿಗೆ ಹಾಕಿ ಕಡೆದ ಬಳೆಯಂಥ ಸುತ್ತುಗಳು, ಅವುಗಳ ನಡುವೆ ಬೆರಳಗಲದ ಜಾಗವನ್ನೂ ಬಿಡದ ಕುಸುರಿ. ಒಳಗಿನ ಹಳೆಯ ಮೂರ್ತಿಯನ್ನು ಯಾರೋ ಒಡೆದಿದ್ದಾರೆ, ಹೊಟ್ಟೆ ಉರಿಯುತ್ತದೆ. ಕಂಬಗಳ ಮುಂದೆ ಅರ್ಧ ತಾಸು ಕೂರುವ ವ್ಯವಧಾನ ಇಲ್ಲದವರು ಗದಗಿಗೆ ಹೋಗದಿದ್ದರೂ ನಡೆಯುತ್ತದೆ.

ಮುಂದೆ ವೀರನಾರಾಯಣ ಗುಡಿ. ಮಧ್ಯಾಹ್ನ ಬಾಗಿಲು ಹಾಕುವ ಮುನ್ನ ತಲುಪಿ. ಕುಮಾರವ್ಯಾಸ ಇಲ್ಲಿನ ಕಂಬಕ್ಕೆ ಒರಗಿ, ಮಿಂದ ಒದ್ದೆ ಬಟ್ಟೆ ಆರುವ ತನಕ ಪದ್ಯ ಹೇಳುತ್ತಿದ್ದನೆಂಬ ಕತೆ ಎಲ್ಲರಿಗೂ ಗೊತ್ತು. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಕತೆ ನಿಜವೋ ಅಲ್ಲವೋ, ನನಗೆ ಅದರ ಗೊಡವೆ ಇಲ್ಲ. ನಗು ಬರುವುದು ಇನ್ನೊಂದಕ್ಕೆ: ಕವಿಯ ಊರು ನಮ್ಮ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡ. ಅಲ್ಲಿಂದ ಗದಗಿಗೆ ಹೋಗಿ ಹತ್ತು ಪರ್ವ ಬರೆದ ಮಹಾನುಭಾವನಿಗೆ ರೈಲೂ ಇರಲಿಲ್ಲ.

ಈಗ ಜಗಳದ ವಿಷಯ: ಲಕ್ಕುಂಡಿ. ಹನ್ನೆರಡು ಕಿಲೋಮೀಟರ್ ಆಚೆ, ಬಸ್ಸು ಸಿಗುತ್ತದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರ, ಮಾಣಿಕೇಶ್ವರದ ಮುಂದಿನ ಮುಸುಕಿನ ಬಾವಿ ಅಲ್ಲಿವೆ. ಆ ಬಾವಿಯ ಮೂರು ಬದಿಯ ಮೆಟ್ಟಿಲುಗಳನ್ನೂ ಗೋಡೆಯೊಳಗಿನ ಪುಟ್ಟ ಪುಟ್ಟ ಗೂಡುಗುಡಿಗಳನ್ನೂ ನೋಡಿದರೆ, ನೀರು ಸೇದಲು ಇಷ್ಟೊಂದು ಅಲಂಕಾರವೇಕೆ ಎಂದು ಮೊದಲು ಅಚ್ಚರಿ, ಆಮೇಲೆ ನಮ್ಮ ನಲ್ಲಿಗಳ ನೆನಪಾಗಿ ನಾಚಿಕೆ. "ಲಕ್ಕುಂಡಿ ಸಾಕು, ಗದಗ ಬೇಡ" ಎನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಗದಗ, ಊಟವಾದ ಮೇಲೆ ಲಕ್ಕುಂಡಿ, ಸಂಜೆ ರೈಲು. ಇದಕ್ಕೆ ಡಂಬಳ, ಇಟಗಿ ಎಂದು ಮತ್ತೆರಡು ಸೇರಿಸುವುದು ಕಾರಿನವರ ಚಾಳಿ. ಅವರು ನೋಡುವುದಿಲ್ಲ, ಹಾಜರಿ ಹಾಕುತ್ತಾರೆ. ರೈಲಿನಲ್ಲಿ ಹೋದವನಿಗೆ ಹೊತ್ತು ಇಷ್ಟೇ ಎಂಬ ಕಟ್ಟು ಇರುತ್ತದೆ, ಆ ಕಟ್ಟಿಗೆ ಗದಗ-ಲಕ್ಕುಂಡಿ ಹದವಾಗಿ ಹೊಂದುತ್ತವೆ.

ಗುಡಿ ಬೇಡವೆನ್ನುವವರಿಗೆ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ಜಾಗ. ಅಂಗಳದಲ್ಲಿ ಸುಮ್ಮನೆ ನಿಂತರೆ ಒಂದು ಕೋಣೆಯಿಂದ ಹಾರ್ಮೋನಿಯಂ, ಇನ್ನೊಂದರಿಂದ ತಬಲಾ ಕೇಳಿಸೀತು. ಇನ್ನು ಊರಿನ ಮುದ್ರಣಾಲಯಗಳ ಹೆಸರು ನಾಡಿಗೇ ಗೊತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯ ಸೀಮೆಗೆ ಅದು ಒಪ್ಪುವ ಕಸುಬೇ ಸರಿ.

ಕೊರತೆಗಳೂ ಇವೆ. ಧೂಳು ಧಾರಾಳ. ಗುಡಿಯ ಗೋಡೆಯವರೆಗೂ ಮನೆಗಳು ಒತ್ತಿಕೊಂಡಿವೆ, ದಾರಿ ತೋರಿಸುವ ಫಲಕಗಳು ಸಾಲವು. ಆದರೆ ಗಿರ್ಮಿಟ್, ಮಿರ್ಚಿ ಭಜಿಯ ವಿಷಯದಲ್ಲಿ ಹುಬ್ಬಳ್ಳಿಯವರು ಬೀಗುವುದನ್ನು ಅಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಒಳ್ಳೆಯದು.

ಹೋಗುವುದಾದರೆ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಏಪ್ರಿಲ್‌ನ ಬಿಸಿಲಿನಲ್ಲಿ ಲಕ್ಕುಂಡಿಯ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನನಗೆ ಫೋನು ಮಾಡಿ ಬೈದರೆ, ನಾನು ಎತ್ತುವುದಿಲ್ಲ.