ಮಕ್ಕಳ ಪುಸ್ತಕದ ಕಪಾಟಿಗೆ ಬೀಗವೇಕೆ?

ನಿನ್ನೆ ಒಂದು ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕಂಡದ್ದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಕೋಣೆ ಚೊಕ್ಕಟವಾಗಿತ್ತು, ಗೋಡೆಯ ತುಂಬ ಬಣ್ಣದ ಚಿತ್ರಗಳಿದ್ದವು, ಮಕ್ಕಳ ಅಳತೆಯ ಮೇಜು ಕುರ್ಚಿಗಳೂ ಇದ್ದವು. ಪುಸ್ತಕಗಳು ಮಾತ್ರ ಗಾಜಿನ ಬಾಗಿಲಿನ ಕಪಾಟಿನೊಳಗಿದ್ದವು, ಬಾಗಿಲಿಗೆ ಬೀಗವಿತ್ತು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಗಾಜಿಗೆ ಮುಖ ತಾಗಿಸಿ, ಕತ್ತು ಓರೆ ಮಾಡಿಕೊಂಡು, ಒಳಗಿದ್ದ ಪುಸ್ತಕಗಳ ಹೆಸರು ಓದುತ್ತಿದ್ದಳು. "ಯಾವುದು ಬೇಕು ಹೇಳಮ್ಮ, ತೆಗೆದುಕೊಡುತ್ತೇನೆ" ಎಂದರು ಅಲ್ಲಿದ್ದವರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಆದರೆ ಯಾವುದು ಬೇಕೆಂದು ಆ ಮಗುವಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಮೊದಲು ಪುಸ್ತಕ ಕೈಗೆ ಬರಬೇಕಿತ್ತು. ಅವಳು ಏನೂ ಹೇಳದೆ ಮೇಜಿನ ಮೇಲೆ ಬಿದ್ದಿದ್ದ ಹಳೆಯ ಪತ್ರಿಕೆಯೊಂದನ್ನು ತೆಗೆದುಕೊಂಡು ಕುಳಿತಳು.

ನನ್ನನ್ನು ಬಲ್ಲ ಗೆಳೆಯರಿಗೆ ಇದು ನನಗೇಕೆ ಇಷ್ಟು ನೋಯುತ್ತದೆ ಎಂದು ವಿವರಿಸಬೇಕಾಗಿಲ್ಲ. ನಾನು ಓದುಗನಾದದ್ದು ಶಾಲೆಯ ಪಾಠದಿಂದಲ್ಲ, ಯಾರೂ ತಡೆಯದ ಕಪಾಟುಗಳ ನಡುವೆ ಸಂಜೆಗಳನ್ನು ಕಳೆದದ್ದರಿಂದ. ಮಗು ಪುಸ್ತಕ ಆರಿಸುವ ರೀತಿಯೇ ಬೇರೆ. ಅದು ಲೇಖಕರ ಹೆಸರು ನೋಡುವುದಿಲ್ಲ. ಮುಖಪುಟ ನೋಡುತ್ತದೆ, ಅಕ್ಷರ ದೊಡ್ಡದೋ ಸಣ್ಣದೋ ನೋಡುತ್ತದೆ, ಚಿತ್ರಗಳಿವೆಯೇ ಎಂದು ಪುಟಗಳನ್ನು ಸರಸರನೆ ತಿರುವುತ್ತದೆ, ನಡುವಿನಲ್ಲೆಲ್ಲೋ ನಾಲ್ಕು ಸಾಲು ಓದಿ ಹಿಡಿಸದಿದ್ದರೆ ಮುಚ್ಚಿ ಇನ್ನೊಂದಕ್ಕೆ ಕೈ ಹಾಕುತ್ತದೆ. ಹೀಗೆ ಹತ್ತನ್ನು ಬಿಟ್ಟ ಮೇಲೆ ಸಿಕ್ಕುವ ಹನ್ನೊಂದನೆಯದು ಅದರ ಸ್ವಂತ ಪುಸ್ತಕ. ಬೀಗ ಕಸಿದುಕೊಳ್ಳುವುದು ಈ ಬಿಡುವ ಸ್ವಾತಂತ್ರ್ಯವನ್ನೇ. ದೊಡ್ಡವರೊಬ್ಬರು ಎದ್ದು, ಕೀಲಿ ಹುಡುಕಿ, ಬಾಗಿಲು ತೆರೆದು ಕೊಟ್ಟ ಪುಸ್ತಕವನ್ನು "ಇದು ಬೇಡ, ಇನ್ನೊಂದು ಕೊಡಿ" ಎನ್ನುವ ಧೈರ್ಯ ಎಷ್ಟು ಮಕ್ಕಳಿಗಿರುತ್ತದೆ?

ಪುಸ್ತಕದ ಕೊನೆಯಲ್ಲಿ ಅಂಟಿಸಿರುತ್ತಿದ್ದ ದಿನಾಂಕದ ಚೀಟಿ ನಿಮಗೆ ನೆನಪಿರಬಹುದು. ಮೊಹರುಗಳು ಒತ್ತೊತ್ತಾಗಿ ಬಿದ್ದು ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಆ ಪುಸ್ತಕವನ್ನು ಕಣ್ಣುಮುಚ್ಚಿ ಮನೆಗೊಯ್ಯಬಹುದಿತ್ತು. ಹೆಸರು ಗೊತ್ತಿಲ್ಲದ ಅಷ್ಟೊಂದು ಮಕ್ಕಳು ಅದನ್ನು ಶಿಫಾರಸು ಮಾಡಿದ್ದಾರೆ ಎಂದೇ ಅದರ ಅರ್ಥ. ಆಮೇಲೆ ಹೆಸರು ಗೊತ್ತಿದ್ದವರ ಶಿಫಾರಸು. ನಾನು ಒಂದು, ಗೆಳೆಯ ಒಂದು ತಂದು, ವಾರದ ನಡುವೆ ಅದಲು ಬದಲು ಮಾಡಿಕೊಂಡು, ಒಬ್ಬೊಬ್ಬರ ಒಂದೇ ಸದಸ್ಯತ್ವದ ಚೀಟಿಯಲ್ಲಿ ಎರಡು ಪುಸ್ತಕ ಓದುತ್ತಿದ್ದೆವು. ಮೊದಲು ಓದಿದವನು ಕೊನೆ ಹೇಳಬಾರದು ಎಂಬುದು ಕಟ್ಟುನಿಟ್ಟಾದ ಒಪ್ಪಂದ. ಅವನು ಮೆಚ್ಚಿದ ಪುಸ್ತಕ ನನಗೆ ಹಿಡಿಸದಿದ್ದಾಗ ನಡೆಯುತ್ತಿದ್ದ ಜಗಳದಲ್ಲಿ, ಒಂದು ಕಥೆ ಏಕೆ ಚೆನ್ನಾಗಿದೆ ಎಂದು ವಾದಿಸಿ ಹೇಳುವುದನ್ನು ಇಬ್ಬರೂ ಕಲಿತೆವು. ತಾನೇ ಹುಡುಕಿಕೊಂಡ ಪುಸ್ತಕವನ್ನಷ್ಟೇ ಮಗು ಅಷ್ಟು ಹುರುಪಿನಿಂದ ಇನ್ನೊಬ್ಬರ ಕೈಗಿಡುತ್ತದೆ. ಆದ್ದರಿಂದ ಕಪಾಟು ಮುಚ್ಚಿದರೆ ಈ ಕೊಡುಕೊಳ್ಳುವಿಕೆಯೂ ನಿಂತುಹೋಗುತ್ತದೆ.

ಇದು ನನ್ನೊಬ್ಬನ ಹಳಹಳಿಕೆಯಲ್ಲ. ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿದಿಡುತ್ತಿದ್ದರು. ಸರಪಳಿ ಹೋದ ಮೇಲೂ ಬಹುಕಾಲ ಓದುಗರು ಕಟಕಟೆಯ ಈಚೆಗೆ ನಿಂತು ಪುಸ್ತಕ ಕೇಳಿ ಪಡೆಯಬೇಕಿತ್ತು. ಅನೇಕ ಕಡೆ ಮಕ್ಕಳಿಗೆ ಪ್ರವೇಶವೇ ಇರಲಿಲ್ಲ. 1894ರಲ್ಲಿ ಲಂಡನ್ನಿನ ಕ್ಲರ್ಕೆನ್ವೆಲ್ ಗ್ರಂಥಾಲಯದಲ್ಲಿ ಅಲ್ಲಿನ ಗ್ರಂಥಪಾಲಕ ಜೇಮ್ಸ್ ಡಫ್ ಬ್ರೌನ್ ಓದುಗರನ್ನು ನೇರವಾಗಿ ಕಪಾಟುಗಳ ಬಳಿಗೆ ಬಿಟ್ಟಾಗ, ಪುಸ್ತಕಗಳೆಲ್ಲ ಕಳುವಾಗುತ್ತವೆ ಎಂದು ಅವರ ವೃತ್ತಿಯವರೇ ವಿರೋಧಿಸಿದರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ನಮ್ಮ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದೇ 'ಪುಸ್ತಕಗಳಿರುವುದು ಬಳಕೆಗೆ' ಎಂಬುದು. 'ಪ್ರತಿ ಪುಸ್ತಕಕ್ಕೂ ಅದರ ಓದುಗ' ಎಂಬ ಮೂರನೆಯ ಸೂತ್ರ ನಿಜವಾಗಲು ತೆರೆದ ಕಪಾಟು ಬೇಕೇ ಬೇಕು ಎಂದು ಅವರು ಅಲ್ಲಿಯೇ ವಾದಿಸಿದ್ದಾರೆ. ಗ್ರಂಥಾಲಯ ವಿಜ್ಞಾನ ಓದಿದವರೆಲ್ಲರೂ ಈ ಸೂತ್ರಗಳನ್ನು ಪರೀಕ್ಷೆಯಲ್ಲಿ ಬರೆದೇ ಬಂದಿರುತ್ತಾರೆ. ಆ ಮೇಲೆಯೂ ಮಕ್ಕಳ ಕಪಾಟಿಗೆ ಬೀಗ ಬೀಳುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಮಕ್ಕಳು ಪುಸ್ತಕ ಹರಿಯುತ್ತಾರೆ, ಕಳೆಯುತ್ತಾರೆ, ತೆಗೆದದ್ದನ್ನು ತೆಗೆದಲ್ಲಿ ಇಡುವುದಿಲ್ಲ, ಲೆಕ್ಕ ಒಪ್ಪಿಸಬೇಕಾದವರು ನಾವು ಎಂದು ಸಿಬ್ಬಂದಿ ಹೇಳುತ್ತಾರೆ. ಕಳೆದ ಪುಸ್ತಕದ ಹಣವನ್ನು ಗ್ರಂಥಪಾಲಕರ ಸಂಬಳದಿಂದ ಹಿಡಿಯುವ ವ್ಯವಸ್ಥೆ ಎಲ್ಲಿದೆಯೋ ಅಲ್ಲಿ ಅವರ ಭಯ ನ್ಯಾಯವಾದದ್ದೇ; ಆಗ ಬದಲಾಗಬೇಕಾದದ್ದು ಆ ನಿಯಮ. ಉಳಿದ ದೂರುಗಳನ್ನು ನಾನು ಒಪ್ಪುವುದಿಲ್ಲ. ಹರಿದ ಹಾಳೆಯನ್ನು ಅಂಟಿಸಬಹುದು, ಕಿತ್ತುಹೋದ ರಟ್ಟನ್ನು ಮತ್ತೆ ಕಟ್ಟಿಸಬಹುದು, ಸ್ಥಳ ತಪ್ಪಿದ ಪುಸ್ತಕವನ್ನು ಸಂಜೆ ಹೊಂದಿಸಬಹುದು. ಹತ್ತು ವರ್ಷ ಬೀಗದೊಳಗಿದ್ದು ಹಾಳೆ ಹಳದಿಯಾದ, ಒಂದು ಮೊಹರೂ ಬೀಳದ ಪುಸ್ತಕ ದಾಖಲೆಯಲ್ಲಿ ಕ್ಷೇಮವಾಗಿದ್ದರೂ ಮಕ್ಕಳ ಪಾಲಿಗೆ ಅದು ಎಂದೋ ಕಳೆದುಹೋಗಿದೆ.

ವಯಸ್ಸಿನ ಮಾತೂ ಬರುತ್ತದೆ: "ಇದು ನಿನಗಲ್ಲ, ದೊಡ್ಡವರದು." ಮಗುವಿಗೆ ಅರ್ಥವಾಗದ ಪುಸ್ತಕವನ್ನು ಮಗುವೇ ಎರಡು ಪುಟಕ್ಕೆ ಕೆಳಗಿಡುತ್ತದೆ. ಅದಕ್ಕಾಗಿ ಕಾವಲು ಬೇಕಿಲ್ಲ.

ಅಮೆರಿಕದ ಉಕ್ಕಿನ ಉದ್ಯಮಿ ಆ್ಯಂಡ್ರೂ ಕಾರ್ನೆಗಿ ತಂತಿ ಕಚೇರಿಯಲ್ಲಿ ಸಂದೇಶ ಒಯ್ಯುವ ಬಡ ಹುಡುಗನಾಗಿದ್ದಾಗ, ಕರ್ನಲ್ ಜೇಮ್ಸ್ ಆ್ಯಂಡರ್ಸನ್ ಎಂಬವರು ತಮ್ಮ ಸುಮಾರು 400 ಪುಸ್ತಕಗಳ ಖಾಸಗಿ ಸಂಗ್ರಹವನ್ನು ಶನಿವಾರಗಳಂದು ದುಡಿಯುವ ಹುಡುಗರಿಗೆ ತೆರೆದಿಟ್ಟಿದ್ದರು. ವಾರಕ್ಕೊಂದು ಒಯ್ದು ಮುಂದಿನ ಶನಿವಾರ ಬದಲಾಯಿಸಿಕೊಳ್ಳಬಹುದಿತ್ತು. ಮುಂದೆ ಆ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ತನ್ನಂಥ ಹುಡುಗರನ್ನು ಆ ಸವಲತ್ತಿನಿಂದ ಹೊರಗಿಟ್ಟಾಗ ಕಾರ್ನೆಗಿ ಪತ್ರಿಕೆಗೆ ಬರೆದು ವಾದಿಸಿ ಹಕ್ಕನ್ನು ಮರಳಿ ಪಡೆದ. ದೊಡ್ಡವನಾಗಿ ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಕಟ್ಟಿಸಲು ಹಣ ಕೊಟ್ಟದ್ದಕ್ಕೆ ಆ ಶನಿವಾರಗಳೇ ಕಾರಣ ಎಂದು ಅವನೇ ಹೇಳಿಕೊಂಡಿದ್ದಾನೆ. ಆ್ಯಂಡರ್ಸನ್ ಅವರಿಗೂ ಪುಸ್ತಕ ಹರಿಯುವ, ಕಳೆಯುವ ಚಿಂತೆ ಇದ್ದಿರಲೇಬೇಕು. ಆದರೂ ಅವರು ಬಾಗಿಲು ಮುಚ್ಚಲಿಲ್ಲ.

ನನ್ನ ಗೆಳೆಯರಲ್ಲಿ ಶಿಕ್ಷಕರಿದ್ದೀರಿ, ಗ್ರಂಥಪಾಲಕರಿದ್ದೀರಿ, ಶಾಲೆಯ ಸಮಿತಿಗಳಲ್ಲಿ ಇರುವವರೂ ಇದ್ದೀರಿ. ಕಪಾಟು ಮಗುವಿನ ಕೈಗೆ ಎಟುಕುವ ಎತ್ತರದಲ್ಲಿರಲಿ, ಒಂದಷ್ಟು ಪುಸ್ತಕಗಳಾದರೂ ಮುಖಪುಟ ಕಾಣುವಂತೆ ನಿಲ್ಲಲಿ, ಮಕ್ಕಳೇ ಓದಿ ಮೆಚ್ಚಿದವುಗಳಿಗೆ ಒಂದು ಸಾಲು ಮೀಸಲಿರಲಿ, ಯಾರು ಮೆಚ್ಚಿದರು ಎಂಬ ಚೀಟಿ ಅವರ ಕೈಬರಹದಲ್ಲೇ ಇರಲಿ. ಇದಕ್ಕೆಲ್ಲ ಹೆಚ್ಚು ಹಣ ಬೇಕಿಲ್ಲ. ಮುಂದಿನ ಸಭೆಯಲ್ಲಿ ಮಕ್ಕಳ ಕಪಾಟಿನ ಕೀಲಿ ಯಾರ ಬಳಿ ಇದೆ, ಏಕೆ ಇದೆ ಎಂದು ದಯವಿಟ್ಟು ಕೇಳಿ.